ಎರಡನೆಯ ನಾಯಿಯ ಹೆಸರು

ನೆರೆಯವರಿಗೆ ಮುಖಕ್ಕೆ ಹೇಳಲಾಗದ್ದನ್ನು ನಾವು ನಾಯಿಗೆ ಹೆಸರಾಗಿಟ್ಟು ಕೂಗುತ್ತೇವೆ. ಬೇಲಿಯಾಚೆಯ ಚಾಡಿಕೋರ ಮುಸೇಕಿವಾನಿಗೆ ಕೇಳಿಸಲೆಂದೇ ನನ್ನ ನಾಯಿಗೆ ಮುಚನೇಟಾ, ಅಂದರೆ ‘ನಿಮಗೇ ಸುಸ್ತಾಗುತ್ತೆ’, ಎಂದು ಹೆಸರಿಟ್ಟಿದ್ದೆ. ದಿನವಿಡೀ ಗಂಟಲು ಹರಿಯುವಂತೆ ಕೂಗುತ್ತಿದ್ದೆ.

ಹೆಂಡತಿ ರುದೈರೋ ತವರಿನಿಂದ ಇನ್ನೊಂದು ಮರಿ ತಂದಳು. ಮುಚನೇಟಾ ಮೂರು ದಿನ ಗುರುಗುಟ್ಟಿ, ಅದನ್ನು ಸಾಡ್ಜಾ ಮುದ್ದೆಯ ತಟ್ಟೆಯ ಹತ್ತಿರವೂ ಬಿಡಲಿಲ್ಲ. ನಾಲ್ಕನೆಯ ದಿನ ಎರಡೂ ಒಂದೇ ತಟ್ಟೆ ನೆಕ್ಕುತ್ತಿದ್ದವು.

“ಹೆಸರೇನಿಡ್ತೀಯೇ? ಮುಸೇಕಿವಾಗೆ ಚುರುಕ್ ಅನ್ಬೇಕು,” ಎಂದೆ.

“ಇಟ್ಟಾಯ್ತು. ನ್ಯಾರರಾ. ಬಾಯ್ಮುಚ್ಚು ಅಂತ.”

“ಭೇಷ್! ಅವನಿಗೆ ಸರಿಯಾಗಿದೆ.”

“ಅವನಿಗಾ? ನಿಮ್ಮ ಕೂಗಾಟದಲ್ಲಿ ಅವನ ಮಾತು ಎಲ್ರೀ ಕೇಳ್ಸುತ್ತೆ?”

ಈಗ ನಾನು ಮುಚನೇಟಾ ಎಂದು ಕೂಗಿದರೆ ಅವಳು ಒಳಗಿನಿಂದ ನ್ಯಾರರಾ ಎನ್ನುತ್ತಾಳೆ. ನಾಯಿಗಳೆರಡೂ ಮಲಗಿದಲ್ಲಿಂದ ಏಳುವುದಿಲ್ಲ. ನಾನು ಸುಮ್ಮನಾಗುತ್ತೇನೆ.