ಗುಡ್ಡಪ್ಪನ ಕಂಬಳಿ

ಬೀರೇಶ ವಾಟ್ಸಾಪಿನಲ್ಲಿ ಕಳಿಸಿದ ಫ್ಲೆಕ್ಸಿನ ಚಿತ್ರವನ್ನು ಅನುಸೂಯ ಮೊದಲು ಕನ್ನಡಕ ಹಾಕಿಕೊಂಡು ನೋಡಿದಳು. ಆಮೇಲೆ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಇನ್ನೊಮ್ಮೆ ನೋಡಿದಳು. ಎರಡು ಸಲವೂ ಅದೇ ಇತ್ತು. ಮಹಾಲಯ ಅಮಾವಾಸ್ಯೆಯ ದಿನ ಹೊಸ ಮನೆಯಲ್ಲಿ ಹಿರಿಯರ ಹಬ್ಬ, ಬಂಧುಗಳೆಲ್ಲ ತಪ್ಪದೆ ಬರಬೇಕು. ಮೇಲೆ ಕುರಿ ಕಾಯುವ ಕೋಲು ಹಿಡಿದ ಅಜ್ಜ ಗುಡ್ಡಪ್ಪ, ಪಕ್ಕದಲ್ಲಿ ಬೀರೇಶನ ಅಜ್ಜಿ ಏಕನಾಥಮ್ಮ. ಗುಡ್ಡಪ್ಪ ಮೊದಲು ತಾಳಿ ಕಟ್ಟಿದ್ದು ಅನುಸೂಯಳ ಅಜ್ಜಿ ಕೆಂಚವ್ವನಿಗೆ. ಆ ಕೆಂಚವ್ವ ಫ್ಲೆಕ್ಸಿನ ಯಾವ ಮೂಲೆಯಲ್ಲೂ ಇರಲಿಲ್ಲ. ಪೆಂಡಾಲ್ ಹಾಕುವವನ ಫೋನ್ ನಂಬರಿಗೆ ಮಾತ್ರ ಜಾಗ ಸಿಕ್ಕಿತ್ತು.

ಅಷ್ಟು ಸಾಕಾಯಿತು. ಅರವತ್ತೊಂದನೇ ವಯಸ್ಸಿನಲ್ಲಿ, ತಾಲ್ಲೂಕು ಕಚೇರಿಯ ಪಿಂಚಣಿ ತೆಗೆದುಕೊಂಡು ಹೊಸದುರ್ಗದ ಸ್ವಂತ ಮನೆಯಲ್ಲಿ ನೆಮ್ಮದಿಯಾಗಿ ಇರಬೇಕಾದ ಹೆಂಗಸಿಗೆ ಹೊಟ್ಟೆಯಲ್ಲಿ ಕೆಂಡ ಸುರಿದ ಹಾಗಾಯಿತು.

"ನೋಡ್ರಿ ಇಲ್ಲಿ," ಎಂದು ಗಂಡ ಹಾಲೇಶನ ಮೂಗಿನ ಕೆಳಗೆ ಫೋನ್ ಹಿಡಿದಳು. "ನಮ್ಮಜ್ಜಿ ಎಲ್ಲವಳೆ, ತೋರಿಸ್ರಿ."

ಹಾಲೇಶ ಪೇಪರ್ ಮಡಚಿದ. "ಸುರುವಾತು. ಅಲ್ಲ ಕಣೆ, ಎಪ್ಪತ್ತು ವರ್ಷದ ಹಿಂದಿನ ಸವತಿ ಜಗಳನ ನೀನ್ಯಾಕೆ ತಲೆ ಮೇಲೆ ಹೊತ್ಕಂಡು ತಿರುಗ್ತೀಯ? ಹೋಗಾಣ, ಉಂಡು ಬರಾಣ. ಬೀರೇಶ ಮರಿ ಕಡಿಸ್ತಾನಂತೆ."

"ನಿಮಗೆ ಬಾಡಿನೂಟ ಒಂದಿದ್ರೆ ಆತು."

ಬೀರೇಶನ ಮೇಲಿನ ಹೊಟ್ಟೆಕಿಚ್ಚು ಅವಳಿಗೆ ನಿನ್ನೆ ಮೊನ್ನೆಯದಲ್ಲ. ಅವನಿಗೆ ಅಜ್ಜನ ಉದ್ದ ಮೂಗು ಬಂದಿದೆ ಎಂದು ಕಂಡವರೆಲ್ಲ ಹೇಳುವುದು ಅವಳಿಗೆ ಆಗುತ್ತಿರಲಿಲ್ಲ. ಅವನ ಕುರಿಗಳು ಅವಳಿ ಮರಿ ಹಾಕುವುದು ಆಗುತ್ತಿರಲಿಲ್ಲ. ಅವನ ಹೆಂಡತಿ ದೇವಿಕಾ "ಬರ್ರಿ ಅತ್ತಿಗೆ, ಕುಂತ್ಕಳ್ರಿ ಅತ್ತಿಗೆ" ಎಂದು ನಿಜವಾದ ಪ್ರೀತಿಯಿಂದ ಉಪಚರಿಸುತ್ತಿದ್ದಳಲ್ಲ, ಅದಂತೂ ಸ್ವಲ್ಪವೂ ಆಗುತ್ತಿರಲಿಲ್ಲ. ಆದರೆ ಇದೆಲ್ಲಕ್ಕಿಂತ ಹೆಚ್ಚು ಉರಿ ಹತ್ತಿಸುತ್ತಿದ್ದದ್ದು ಅವನ ಮನೆಯ ಪೆಟ್ಟಿಗೆಯಲ್ಲಿದ್ದ ಒಂದು ಹಳೆಯ ಕರಿ ಕಂಬಳಿ.

ಅವರ ಮನೆತನದಲ್ಲಿ ಒಂದು ಪದ್ಧತಿ. ಹಿರಿಯ ಯಾವ ಮನೆಯಲ್ಲಿ ಕೊನೆಯುಸಿರು ಬಿಟ್ಟನೋ ಅವನ ಕಂಬಳಿ ಆ ಮನೆಗೇ ಸೇರಬೇಕು. ಹಿರಿಯರ ಹಬ್ಬದ ದಿನ ಅದನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಮುಂದೆ ಎಡೆ ಇಟ್ಟು, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಹಾಕಿ, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು. ಉಳಿದ ಕವಲಿನವರು ಆ ಮನೆಗೇ ಹೋಗಿ ಕೈ ಮುಗಿಯಬೇಕು. ಗುಡ್ಡಪ್ಪ ಸತ್ತದ್ದು ರಾಮಗಿರಿ ಗುಡ್ಡದ ಹಿಂದಿನ ಹಟ್ಟಿಯಲ್ಲಿ, ಕಿರಿಯ ಹೆಂಡತಿ ಏಕನಾಥಮ್ಮನ ಮನೆಯಲ್ಲಿ. ಹಾಗೆಂದು ಎಲ್ಲರೂ ಹೇಳುತ್ತಿದ್ದರು. ಕೆಂಚವ್ವ ಬದುಕಿರುವ ತನಕ ಆ ಕಡೆ ಮುಖ ಹಾಕಲಿಲ್ಲ, ಮಗನನ್ನೂ ಕಳಿಸಲಿಲ್ಲ. ಸವತಿಯರಿಬ್ಬರೂ ತೀರಿಕೊಂಡ ಮೇಲೆ ಎರಡು ಮನೆಗೂ ಹೋಗಿಬರುವುದು ಶುರುವಾಯಿತು. ಅಂದಿನಿಂದ ನಲವತ್ತು ವರ್ಷ ಅನುಸೂಯ ಆ ಕಂಬಳಿಗೆ ಹಲ್ಲು ಕಚ್ಚಿಕೊಂಡು ಕೈ ಮುಗಿದಿದ್ದಾಳೆ.

ಅವಳನ್ನು ರಾಮಗಿರಿಯಲ್ಲಿ ಸಾಕಿದವಳೇ ಕೆಂಚವ್ವ. "ಆ ಮಾಯಗಾತಿ ಬದುಕಿದ್ದಾಗ್ಲೂ ಕಸ್ಕಂಡ್ಳು, ಸತ್ತ ಮ್ಯಾಲೂ ಕಸ್ಕಂಡ್ಳು," ಎಂದು ತಲೆ ಬಾಚುತ್ತಾ ಹೇಳುತ್ತಿದ್ದಳು, ಒಂದೊಂದು ಮಾತಿಗೂ ಜಡೆ ಬಿಗಿಯುತ್ತಿದ್ದಳು. ಬೈಗುಳ ಬಿಟ್ಟರೆ ಅಜ್ಜಿ ಬಹಳ ದೊಡ್ಡ ಮನಸ್ಸಿನವಳು. ಬೆಳಕು ಹರಿದ ಮೇಲೆ ಮುಂಬಾಗಿಲು ಮುಚ್ಚಲು ಬಿಡುತ್ತಿರಲಿಲ್ಲ. ಜಗಲಿಯ ಮೇಲೆ ತಾಮ್ರದ ಚೊಂಬಿನಲ್ಲಿ ನೀರು ಸದಾ ಇರುತ್ತಿತ್ತು. "ಬಾಗ್ಲಿಗೆ ಬಂದೋರು ಬಾಯಿಬಿಟ್ಟು ಕೇಳಾಕೆ ಮುಂಚೆ ನೀರು ಕೊಡಬೇಕು ಕಣೆ," ಎನ್ನುತ್ತಿದ್ದಳು. ಕೇರಿಯೇ ಅದನ್ನು ಹೊಗಳುತ್ತಿತ್ತು. ಹೊಸದುರ್ಗದ ಮನೆಯಲ್ಲೂ ಅನುಸೂಯ ಅದನ್ನೇ ನಡೆಸಿಕೊಂಡು ಬಂದಿದ್ದಳು. ಗ್ಯಾಸ್ ತರುವವನೂ ಕೊರಿಯರಿನವನೂ ನೀರು ಕುಡಿದೇ ಹೋಗಬೇಕು.

ಸಾಯುವ ಹಿಂದಿನ ದಿನ ಕೆಂಚವ್ವ ಮೊಮ್ಮಗಳ ಕೈ ಹಿಡಿದು ಎರಡು ಸಲ ಹೇಳಿದ್ದಳು: "ಬಾಗ್ಲಿಗೆ ಬಂದಿದ್ದ ಕಣೆ. ನಮ್ಮ ಬಾಗ್ಲಿಗೇ ಬಂದಿದ್ದ." ಮುಂದೆ ಮಾತು ಬರಲಿಲ್ಲ. ಆ ಒಂದು ಮಾತನ್ನು ಅನುಸೂಯ ನಲವತ್ತು ವರ್ಷ ಜೋಪಾನ ಮಾಡಿದ್ದಳು. ಕೊನೆಗಾಲದಲ್ಲಿ ಅಜ್ಜ ಬಂದದ್ದು ನಮ್ಮ ಮನೆಗೇ. ಸತ್ತದ್ದೂ ನಮ್ಮ ಮನೆಯಲ್ಲೇ. ಆ ಏಕನಾಥಮ್ಮ ಹೆಣ ಕದ್ದಿದ್ದಾಳೆ.

ಅವತ್ತೇ ಬೀರೇಶನಿಗೆ ಫೋನ್ ಮಾಡಿದಳು.

"ಏನಪ್ಪ ಬೀರೇಶ, ಅಜ್ಜ ಸತ್ತಿದ್ದು ರಾಮಗಿರೀಲಿ ಅಂತ ನಾನು ಸಾಬೀತು ಮಾಡಿದ್ರೆ ಕಂಬಳಿ ಕೊಡ್ತೀಯ?"

ಅವನು ನಕ್ಕ. "ಮಾಡಕ್ಕ. ಹಬ್ಬದ ದಿನ ಎಲ್ಲರ ಮುಂದೆ ಹೇಳು. ನಾನೇ ಹೆಗಲ ಮ್ಯಾಲೆ ಹಾಕ್ಕಂಡು ಹೊಸದುರ್ಗಕ್ಕೆ ತಂದ್ಕೊಡ್ತೀನಿ."

ಆ ನಗುವೂ ಅಜ್ಜನದೇ ಅಂತೆ. ಅವಳಿಗೆ ಮೈಯೆಲ್ಲ ಉರಿಯಿತು.

ಮಾರನೇ ದಿನವೇ ಹೊಳಲ್ಕೆರೆಗೆ ಬಸ್ಸು ಹತ್ತಿದಳು. ಕಚೇರಿಯಲ್ಲಿ ಹಳೆಯ ಪರಿಚಯವಿತ್ತು. ಹಳೇ ಜನನ ಮರಣದ ರಿಜಿಸ್ಟರುಗಳನ್ನು ಎರಡು ದಿನ ಧೂಳು ಕುಡಿಯುತ್ತಾ ತಿರುವಿದಳು. ಮೂರನೇ ದಿನ ಮಧ್ಯಾಹ್ನ ಸಾವಿರದ ಒಂಬೈನೂರ ಐವತ್ತೆರಡರ ಹಾಳೆಯಲ್ಲಿ ಅಜ್ಜ ಸಿಕ್ಕಿದ. ಗುಡ್ಡಪ್ಪ, ಗಂಡಸು, ವಯಸ್ಸು ನಲವತ್ತೆರಡು, ಕುರಿ ಸಾಕಣೆ. ಕಾರಣ, ಜ್ವರ. ಸತ್ತ ಜಾಗ, ಹಟ್ಟಿಯ ಸ್ವಂತ ಮನೆ. ತಿಳಿಸಿದವರು, ಹೆಂಡತಿ ಏಕನಾಥಮ್ಮ. ಪಕ್ಕದಲ್ಲಿ ನೇರಳೆ ಶಾಯಿಯ ಹೆಬ್ಬೆಟ್ಟು.

ಹೆಂಡತಿ ಎಂದರೆ ಒಬ್ಬಳೇ ಇದ್ದಳು ಎಂಬಂತೆ ಬರೆದಿತ್ತು. ಎಪ್ಪತ್ತಮೂರು ವರ್ಷ ಹಳೆಯ ಆ ಹೆಬ್ಬೆಟ್ಟಿನ ಮೇಲೂ ಅವಳಿಗೆ ಹೊಟ್ಟೆ ಉರಿಯಿತು. ಬೆರಳಿನಿಂದ ಒರೆಸಿಬಿಡೋಣ ಎನ್ನಿಸಿತು. ಆದರೆ ಇಂಥ ರಿಜಿಸ್ಟರುಗಳನ್ನು ಅವಳೇ ಮೂವತ್ತು ವರ್ಷ ಬರೆದವಳು. ಬಂದವರು ಏನು ಹೇಳುತ್ತಾರೋ ಅದನ್ನು ಬರೆದುಕೊಳ್ಳುವುದು. ಸತ್ತವನನ್ನು ಕರೆಸಿ ಕೇಳುವವರು ಯಾರು? ಬರೆಸಿದವಳು ಸುಳ್ಳು ಹೇಳಿದ್ದರೆ ಬರೆದದ್ದೂ ಸುಳ್ಳು. ಅಲ್ಲಿಂದ ನೇರ ರಾಮಗಿರಿಗೆ ಹೋದಳು.

ಅಜ್ಜಿಯ ಮನೆಯನ್ನು ಅಪ್ಪ ಯಾವಾಗಲೋ ಮಾರಿದ್ದ. ಕೊಂಡವರು ದಾವಣಗೆರೆಯಲ್ಲಿದ್ದರು. ಬಾಗಿಲಿಗೆ ಬೀಗ, ಜಗಲಿಯ ಮೇಲೆ ನಾಯಿ ಮಲಗಿತ್ತು. ಎದುರು ಮನೆಯಲ್ಲಿ ಪಾರ್ವತಮ್ಮ ಇನ್ನೂ ಇದ್ದಳು. ಎಂಬತ್ತೇಳು ವರ್ಷ, ಕಣ್ಣು ಮಂಜು, ಕಿವಿ ಚುರುಕು. ಅವಳು ಆ ಮನೆಯ ಮಗಳು, ಮದುವೆಯಾದದ್ದೂ ಅದೇ ಊರಿಗೆ. ಅನುಸೂಯ ಬಂದ ಕಾರಣ ಹೇಳಿದಳು. ಮುದುಕಿ ಬಹಳ ಹೊತ್ತು ಎಲೆಯಡಿಕೆ ಕುಟ್ಟಿದಳು.

"ಭಾಷೆ ತಗಂಡೋಳೂ ಹೋದ್ಲು, ನಿಮ್ಮಜ್ಜಿನೂ ಹೋದ್ಲು," ಎಂದಳು ಕೊನೆಗೆ. "ನಾನೂ ಹೊಂಟಿವ್ನಿ. ಹೇಳಿದ್ರೆ ತಡ್ಕಂತೀಯ?"

"ಹೇಳವ್ವ. ಅದಕ್ಕೇ ಬಂದೀನಿ."

"ನಿಂಗೆ ಬೇಕಾದ್ದೇ ಹೇಳ್ತೀನಿ. ಗುಡ್ಡಪ್ಪ ಸತ್ತಿದ್ದು ಅದೇ ಜಗಲಿ ಮ್ಯಾಲೆ. ನಾಯಿ ಮಲಗೈತಲ್ಲ, ಅಲ್ಲೇ."

ಅನುಸೂಯಳಿಗೆ ಎದ್ದು ಕುಣಿಯಬೇಕೆನ್ನಿಸಿತು. ಗೆದ್ದೆ ಎಂದುಕೊಂಡಳು. ಬೀರೇಶ ಕಂಬಳಿ ಹೆಗಲ ಮೇಲೆ ಹಾಕಿಕೊಂಡು ತಲೆ ತಗ್ಗಿಸಿ ತನ್ನ ಮನೆಯ ಮೆಟ್ಟಿಲು ಹತ್ತುವುದು ಕಣ್ಣ ಮುಂದೆಯೇ ಬಂತು. ಪಾರ್ವತಮ್ಮ ಇನ್ನೂ ಮುಗಿಸಿರಲಿಲ್ಲ.

"ಬೀರೂರಿಗೆ ಮರಿ ಮಾರಾಕೆ ಹೋಗಿದ್ದೋನು ಮಧ್ಯಾಹ್ನದ ರೈಲಿಗೆ ಇಳ್ದ. ಬ್ಯಾಸಿಗೆ. ಜ್ವರದಾಗೆ ತೂರಾಡ್ತಿದ್ದ. ಹಟ್ಟಿಗೆ ಗುಡ್ಡ ಸುತ್ಕಂಡು ಹೋಗಬೇಕು, ಕಾಲು ಬರ್ಲಿಲ್ಲ. ಹಳೇ ಮನೆ ಹತ್ರ ಅಲ್ವ, ಬಂದ. ನಿಮ್ಮಜ್ಜಿ ಅವನು ಟೇಸನ್ ದಾರೀಲಿ ಬರಾದು ನೋಡಿದ್ಲು. ಒಳಕ್ಕೋಗಿ ಅಗುಳಿ ಹಾಕ್ಕಂಡ್ಳು."

"ಜ್ವರ ಅಂತ ಗೊತ್ತಿರ್ಲಿಲ್ಲ ಬಿಡವ್ವ ಅವಳಿಗೆ."

"ಮೊದ್ಲು ಗೊತ್ತಿರ್ಲಿಲ್ಲ. ಕುಡ್ದು ಬಂದವ್ನೆ ಅಂದ್ಕಂಡಿರಬೇಕು. 'ಕೆಂಚಿ, ಒಂದೀಟು ನೀರು ಕೊಡೆ,' ಅಂದ. 'ನೀರು ಕೊಡಾಕೆ ನಿನ್ನೋಳಿಲ್ವ, ಅಲ್ಲಿಗೇ ಹೋಗು,' ಅಂದ್ಲು ಒಳಗಿಂದ. ಅವನು ಕೇಳ್ತಾನೇ ಇದ್ದ. ಮೊದ್ಲು ಜೋರಾಗಿ, ಆಮ್ಯಾಲೆ ಮೆಲ್ಲಕೆ. ನಾನು ಹದಿನಾಕು ವರ್ಷದೋಳು. ಚೊಂಬು ಹಿಡ್ಕಂಡು ಎದ್ದೆ. ಗಂಡ ಹೆಂಡ್ತಿ ನಡುವೆ ಹೋಗಬ್ಯಾಡ ಕುಂತ್ಕ ಅಂತ ನಮ್ಮವ್ವ ಕೈ ಹಿಡ್ದು ಎಳೆದ್ಲು. ಹೊತ್ತು ಮುಳುಗಾ ಹೊತ್ಗೆ ಸದ್ದು ನಿಂತೋತು. ಸದ್ದು ನಿಂತ ಮ್ಯಾಲೆ ನಿಮ್ಮಜ್ಜಿ ಬಾಗ್ಲು ತೆಗದ್ಲು."

ಎದುರಿನ ಜಗಲಿಯಲ್ಲಿ ನಾಯಿ ಎದ್ದು, ಮೈ ಕೊಡವಿ, ಮಗ್ಗುಲು ಬದಲಿಸಿ ಮಲಗಿತು. ಅನುಸೂಯಳಿಗೆ ಬಾಯಿ ಒಣಗಿತ್ತು.

"ನಮ್ಮಪ್ಪ?"

"ನಿಮ್ಮಪ್ಪ ಕುರಿ ಹೊಡ್ಕಂಡು ಮೂರು ತಿಂಗಳಿಂದ ದಾವಣಗೆರೆ ಸೀಮೇಲಿದ್ದ. ನಿಮ್ಮಜ್ಜಿ ಅಳಲಿಲ್ಲ. ತಾನು ಹೊದೆಯೋ ಕಂಬಳಿ ತಂದು ಹೊದಿಸಿದ್ಲು, ಒಲೆ ಕಿಡಿ ಸಿಡಿದು ಒಂದು ಮೂಲೆ ಸುಟ್ಟಿತ್ತು. 'ಓಡೋಗಿ ಅವಳನ್ನ ಕರ್ಕಂಬಾ,' ಅಂದ್ಲು ನಂಗೆ. ಏಕನಾಥಮ್ಮ ಗಾಡಿ ಹೂಡ್ಕಂಡು ಬಂದ್ಲು. ಒಣಗಿದ ತುಟಿ ನೋಡಿದ್ಲು, ಬಾಗ್ಲು ನೋಡಿದ್ಲು. ಎಲ್ಲ ಗೊತ್ತಾತು ಅವಳಿಗೆ. ಒಂದು ಬೈಗುಳ ಬೈಲಿಲ್ಲ ಕಣವ್ವ. 'ಅಕ್ಕ, ಇದು ಇಲ್ಲಿ ಆಗ್ಲಿಲ್ಲ. ನಮ್ಮನೇಲಿ ಆತು. ಇಲ್ಲಿ ಅಂತ ಗೊತ್ತಾದ್ರೆ ಕುಲದೋರು ನಿನ್ನ ಬಿಡಲ್ಲ, ನಾಳೆ ಮಗನೂ ಮುಖ ನೋಡಲ್ಲ,' ಅಂದ್ಲು. ನಮ್ಮವ್ವನ ಕೈಲೂ ನನ್ನ ಕೈಲೂ ಕಂಬಳಿ ಮುಟ್ಟಿಸಿ ಭಾಷೆ ತಗಂಡ್ಳು. ಅದೇ ಕಂಬಳೀಲಿ ಹೆಣ ಸುತ್ತಿ ಗಾಡಿ ಮ್ಯಾಲೆ ಹಾಕ್ಕಂಡು ಹೋದ್ಲು."

"ಅಷ್ಟು ಮಾಡಿದೋಳನ್ನ ನಮ್ಮಜ್ಜಿ ಸಾಯಾ ತನಕ ಬೈದ್ಲಲ್ಲವ್ವ."

"ಅಷ್ಟು ಮಾಡಿದ್ಲು ಅಂತಲೇ ಬೈದ್ಲು," ಎಂದು ಪಾರ್ವತಮ್ಮ ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು.

ಆ ವಾರವೆಲ್ಲ ಅನುಸೂಯ ಹಾಲೇಶನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಿಜ ಹೇಳಿದರೆ ಕಂಬಳಿ ಅವಳದು. ಆದರೆ ಕಂಬಳಿಯ ಜೊತೆ ಮುಚ್ಚಿದ ಬಾಗಿಲೂ ಬರುತ್ತದೆ, ಅಜ್ಜಿಯ ಹೆಸರು ಬೀದಿಗೆ ಬೀಳುತ್ತದೆ. ಅಜ್ಜಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಅಗುಳಿ ಹಾಕಿಕೊಂಡು ಒಳಗೆ ಕೂತವಳ ಹೊಟ್ಟೆಯ ಉರಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಜಾಗದಲ್ಲಿ ತಾನಿದ್ದರೆ ತಾನೂ ತೆಗೆಯುತ್ತಿರಲಿಲ್ಲ. ತನಗೆ ಬಂದಿರುವುದು ಅಜ್ಜನ ಮೂಗಲ್ಲ, ಅಜ್ಜಿಯ ಉರಿ. ಅದನ್ನು ನೆನೆದು ಅವಳು ಹಗಲಿನಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಅಮಾವಾಸ್ಯೆಯ ದಿನ ಹಟ್ಟಿಯ ಹೊಸ ಮನೆಯಲ್ಲಿ ಜನವೋ ಜನ. ಟೈಲ್ಸು ಕಣ್ಣು ಕೋರೈಸುತ್ತಿತ್ತು. ಮುದ್ದೆ, ಬಾಡಿನ ಸಾರು, ಕಜ್ಜಾಯ, ಬೀಡಿ, ಒಂದು ಕ್ವಾರ್ಟರ್ ಬಾಟಲಿ, ಅಜ್ಜನಿಗೆ ಇಷ್ಟವಾದದ್ದನ್ನೆಲ್ಲ ದೇವಿಕಾ ಬಾಳೆ ಎಲೆಯಲ್ಲಿ ಓರಣವಾಗಿ ಇಟ್ಟಿದ್ದಳು. ಬೀರೇಶ ಪೆಟ್ಟಿಗೆಯಿಂದ ಕಂಬಳಿ ತೆಗೆದು ಮಡಿಕೆ ಮಾಡಿ ಹಾಸಿದ. ಅನುಸೂಯ ಬಗ್ಗಿ ನೋಡಿದಳು. ಒಂದು ಮೂಲೆ ಸುಟ್ಟಿತ್ತು. ನಲವತ್ತು ವರ್ಷ ಹೊಟ್ಟೆಕಿಚ್ಚು ಪಟ್ಟದ್ದು ತನ್ನ ಅಜ್ಜಿಯದೇ ಕಂಬಳಿಗೆ. ಏಕನಾಥಮ್ಮ ಅದನ್ನು ಎಸೆಯಲಿಲ್ಲ, ಸುಡಲಿಲ್ಲ. ಸವತಿಯ ಕಂಬಳಿಯನ್ನು ಹಾಸಿ ಗಂಡನಿಗೆ ಎಡೆ ಇಟ್ಟಿದ್ದಳು.

"ಏನಕ್ಕ, ರಿಜಿಸ್ಟರ್ ಗಿಜಿಸ್ಟರ್ ಎಲ್ಲ ಹುಡುಕಿದ್ಯಂತೆ," ಎಂದು ಬೀರೇಶ ಎಲ್ಲರಿಗೂ ಕೇಳುವ ಹಾಗೆ ಕರೆದ. "ಅಜ್ಜ ಎಲ್ಲಿ ಸತ್ತಿದ್ದು ಹೇಳು. ರಾಮಗಿರಿ ಅಂದ್ರೆ ಈಗ್ಲೇ ಹೊತ್ಕಂಡು ಹೋಗು."

ಎಲ್ಲರೂ ತಿರುಗಿದರು. ಹಾಲೇಶ ಊಟದ ಎಲೆಗಳ ಕಡೆಯಿಂದ ಕಣ್ಣು ತೆಗೆದು ಹೆಂಡತಿಯನ್ನೇ ನೋಡಿದ. ಗೋಡೆಯ ಮೇಲೆ ಏಕನಾಥಮ್ಮನ ಚಿತ್ರಕ್ಕೆ ಸೇವಂತಿಗೆ ಹಾರ ಹಾಕಿತ್ತು.

"ನೋಡ್ದೆ ಕಣಪ್ಪ," ಎಂದಳು ಅನುಸೂಯ. "ಇಲ್ಲೇ. ನಿಮ್ಮಜ್ಜಿ ಮನೇಲೇ. ರಿಜಿಸ್ಟರಲ್ಲಿ ಬರದೈತೆ."

ಈ ಒಂದು ಸುಳ್ಳಿಗೆ ತನಗೆ ಒಂದು ವಾರ ಬೇಕಾಯಿತು. ಆ ಹೆಂಗಸು ಗಾಡಿಯಿಂದ ಇಳಿದು ನಿಂತ ಕಾಲಲ್ಲೇ ಹೇಳಿದ್ದಳು. ಅದಕ್ಕೂ ಹೊಟ್ಟೆ ಉರಿಯಿತು.

ಬೀರೇಶನ ನಗು ಇಳಿಯಿತು. ಗೆದ್ದು ಅವನಿಗೇ ಮುಜುಗರವಾಗಿತ್ತು. "ಹೋಗ್ಲಿ ಬಿಡಕ್ಕ. ಫ್ಲೆಕ್ಸಲ್ಲಿ ಕೆಂಚಜ್ಜಿ ಚಿತ್ರ ಬಿಟ್ಟಿದ್ದು ತಪ್ಪಾತು. ಒಂದು ಫೋಟೋ ಕಳ್ಸು."

ಅವಳು ದೇವಿಕಾಳ ಕಡೆ ತಿರುಗಿದಳು. "ಒಂದು ಚೊಂಬು ನೀರು ತಾರವ್ವ."

"ಲೋಟದಾಗೆ ಇಟ್ಟೀನಲ್ಲ ಅತ್ತಿಗೆ."

"ಲೋಟ ಸಾಲಲ್ಲ. ಚೊಂಬು ತಾ."

ತುಂಬಿದ ಚೊಂಬನ್ನು ಕಂಬಳಿಯ ಸುಟ್ಟ ಮೂಲೆಯ ಪಕ್ಕ ಇಟ್ಟಳು. ಲೋಬಾನ ಹಾಕಿ ಎಲ್ಲರೂ ಹೊರಗೆ ಬಂದರು. ಬೀರೇಶ ಪದ್ಧತಿಯಂತೆ ಬಾಗಿಲು ಎಳೆದುಕೊಳ್ಳಲು ಹೋದ. ಅನುಸೂಯ ಅವನ ಕೈ ಹಿಡಿದಳು.

"ಬಾಗ್ಲು ಹಾಕಬ್ಯಾಡ ಬೀರೇಶ. ತೆಗೆದಿರ್ಲಿ."

ಯಾರೋ ಹಿಂದಿನಿಂದ ಇದೇನು ಹೊಸ ಪದ್ಧತಿ ಎಂದರು. ಬೀರೇಶ ಮಾತ್ರ ಅವಳ ಮುಖವನ್ನು ವಿಚಿತ್ರವಾಗಿ ನೋಡಿದ.

"ನಮ್ಮಜ್ಜಿನೂ ಹಿಂಗೇ ಕಣಕ್ಕ," ಎಂದ. "ಇರಾ ತನಕ ಹಬ್ಬದ ದಿನ ಬಾಗ್ಲು ಹಾಕಾಕೆ ಬಿಡ್ತಿರ್ಲಿಲ್ಲಂತೆ. ಯಾಕೆ ಅಂತ ಯಾರಿಗೂ ಹೇಳ್ಲಿಲ್ಲಂತೆ."

ಇದರಲ್ಲೂ ಅವಳೇ ಮುಂದೆ, ಎಂದುಕೊಂಡಳು ಅನುಸೂಯ. ಅವನ ಕೈ ಬಿಡಲಿಲ್ಲ.