ರೊಟ್ಟಿ ಕೇಂದ್ರದಲ್ಲಿ ಕೋಟೆಯ ಮುತ್ತಿಗೆ

ಬೆಳಗಿನ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ, ವಿಜಯಪುರದ ಒಂದು ರೊಟ್ಟಿ ಕೇಂದ್ರದಲ್ಲಿ, ನಾನು ಮೊದಲ ಸಲ ಕಥೆ ಹೇಳಿದೆ. ನಾನು ಒಂದು ಸ್ಪೀಕರ್. ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರ, ನೀಲಿ ಬಣ್ಣ.

ನಾನು ಹುಟ್ಟಿದ್ದು ಅದಕ್ಕೆ ಎರಡು ವರ್ಷ ಮೊದಲು, ಒಂದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ಮೂರು ಸೆಕೆಂಡು ಪೀಂ ಎನ್ನಿಸಿ, ಸರಿಯಿದೆ ಎಂದು ಚೀಟಿ ಅಂಟಿಸಿ ಪೆಟ್ಟಿಗೆಗೆ ಹಾಕಿದರು. ಮೊದಲ ಯಜಮಾನರು ಯೋಗ ಕಲಿಸುವವರು. ಅವರ ಬಳಿ ಇದ್ದಷ್ಟು ಕಾಲ ನಾನು ಸಮುದ್ರದ ಸದ್ದನ್ನಷ್ಟೇ ಮಾಡಿದೆ. ಸಮುದ್ರ ಹೇಗಿರುತ್ತದೋ ತಿಳಿಯದು. ಎದುರಿಗೆ ಮಲಗಿದವರಲ್ಲಿ ಅರ್ಧ ಜನ ಗೊರಕೆ ಹೊಡೆಯುತ್ತಿದ್ದರು ಎಂಬುದಷ್ಟೇ ಗೊತ್ತು. ಅವರು ದೊಡ್ಡ ಸ್ಪೀಕರ್ ಕೊಂಡಾಗ ನಾನು ಮೊಬೈಲ್ ರಿಪೇರಿ ಅಂಗಡಿ ಸೇರಿದೆ. ಅಲ್ಲಿಂದ ಹಸೀನಾ ನನ್ನನ್ನು ತಂದಳು.

ಹಸೀನಾ ರೊಟ್ಟಿ ಕೇಂದ್ರದ ಐವರು ಹೆಂಗಸರಲ್ಲಿ ಒಬ್ಬಳು. ಬೆಳಗಿನ ಐದರಿಂದ ಮಧ್ಯಾಹ್ನ ಎರಡರವರೆಗೆ ಅಲ್ಲಿ ಕೆಲಸ, ಆಮೇಲೆ ಮನೆಗೆಲಸ. ಪುಸ್ತಕ ಹಿಡಿಯಲು ಹೊತ್ತಿಲ್ಲ. ಹಿಡಿದರೂ ಕೈತುಂಬ ಹಿಟ್ಟು. ಹಾಗಾಗಿ ಹಸೀನಾ ತನ್ನ ಫೋನಿನಿಂದ ನನ್ನ ಮೂಲಕ ಒಂದು ಐತಿಹಾಸಿಕ ಕಾದಂಬರಿ ಕೇಳಿಸತೊಡಗಿದಳು. ಇಪ್ಪತ್ತೆರಡು ಅಧ್ಯಾಯ. ಒಬ್ಬ ರಾಣಿ, ಗುಡ್ಡದ ಮೇಲೊಂದು ಕೋಟೆ, ಸುತ್ತ ಶತ್ರುವಿನ ದಂಡು.

ಐದು ಜೋಡಿ ಕೈಗಳು ರೊಟ್ಟಿ ಬಡಿಯತೊಡಗಿದರೆ ನನ್ನ ದನಿ ಮುಳುಗಿಹೋಗುತ್ತಿತ್ತು. ಹಿರಿಯಳಾದ ತಂಗೆವ್ವ ಒಂದು ಪದ್ಧತಿ ಹಾಕಿದಳು. ಎಲ್ಲರೂ ಒಟ್ಟಿಗೆ ಬಡಿಯಬೇಕು, ಆಗ ಕಥೆ ನಿಲ್ಲಬೇಕು. ಎಲ್ಲರೂ ಒಟ್ಟಿಗೆ ಬೇಯಿಸಬೇಕು, ಆಗ ಕಥೆ ನಡೆಯಬೇಕು. ಹಸೀನಾ ಮೊಣಕೈಯಿಂದ ನನ್ನ ಗುಂಡಿ ಒತ್ತುತ್ತಿದ್ದಳು.

"ಆ ಮಂತ್ರಿ ಥೇಟ್ ನನ್ನ ಭಾವನ್ಹಂಗ ಅದಾನ ನೋಡು, ಎರಡೂ ಕಡೆ ನಗ್ತಾನ," ಎನ್ನುವಳು ತಂಗೆವ್ವ. ಮೂರನೆಯ ತರಗತಿಗೆ ಶಾಲೆ ಬಿಟ್ಟವಳು. ಯಾವ ಅಧ್ಯಾಯದಲ್ಲಿ ಯಾರು ಏನೆಂದರು ಎಂಬುದು ಅವಳಿಗೆ ಬಾಯಿಪಾಠ. ಹಿಟ್ಟು ನಾದುವ ಹೊಣೆಯೂ ಅವಳದೇ. ಆಗಲೂ ಕಥೆ ನಡೆಯುತ್ತಿತ್ತು. ತೊಂದರೆಯಾದದ್ದು ಅಲ್ಲಿಯೇ.

ಹದಿನೇಳನೆಯ ಅಧ್ಯಾಯದಲ್ಲಿ ಕೋಟೆಯ ಬಾವಿಗಳು ಬತ್ತಿದವು. ತಲೆಗೆ ದಿನಕ್ಕೊಂದು ಬೊಗಸೆ ನೀರು. ನಾನು ಹೇಳುತ್ತಾ ಹೋದೆ. ಹಿಟ್ಟಿಗೆ ಬಿಸಿನೀರು ಸುರಿಯುತ್ತಿದ್ದ ತಂಗೆವ್ವನ ಕೈ ಅವಳಿಗೇ ತಿಳಿಯದಂತೆ ಹಿಡಿತ ಮಾಡಿ ನೀರು ಕಡಿಮೆ ಹಾಕಿತು. ಹಿಟ್ಟು ಕಟ್ಟಿಕೊಳ್ಳಲಿಲ್ಲ. ಮದುವೆ ಮನೆಗೆ ಹೋಗಬೇಕಿದ್ದ ನೂರ ನಲವತ್ತು ರೊಟ್ಟಿಗಳ ಅಂಚು ಸೀಳಿತು.

ಕೇಂದ್ರದ ಮಾಲೀಕ ಮುರಿಗೆಪ್ಪ ಒಂದನ್ನು ಎತ್ತಿ ನೋಡಿದ. "ಏನಿದು? ರೊಟ್ಟ್ಯೋ, ಹಂಚಿನ ಚೂರೋ?"

"ಬಾವಿ ಬತ್ತಿದ್ವುರಿ," ಎಂದಳು ತಂಗೆವ್ವ.

"ಯಾವ ಬಾವಿ? ನಳಾ ಧೋ ಅಂತ ಬರಾಕತ್ತೈತಲ್ಲ!"

ಹಸೀನಾ ನಡೆದದ್ದನ್ನು ವಿವರಿಸಿದಳು. ಮುರಿಗೆಪ್ಪ ನನ್ನನ್ನು ಪ್ಯಾಕಿಂಗ್ ಮೇಜಿನ ಖಾನೆಗೆ ಹಾಕಿ ಕೀಲಿ ತಿರುವಿದ. "ಇವತ್ತಿಂದ ಕಥಿ ಬಂದ್."

ಇನ್ನೂ ಐದು ಅಧ್ಯಾಯ ಉಳಿದಿದ್ದವು. ಹಸೀನಾಳ ಫೋನಿನ ಸಣ್ಣ ದನಿ ಐವರಿಗೂ ಕೇಳಿಸುವಂಥದ್ದಲ್ಲ. ಕತ್ತಲಲ್ಲಿ ಕುಳಿತು ನಾನು ಅವರ ಮಾತು ಕೇಳಿಸಿಕೊಂಡೆ. ಕೋಟೆಯ ಹೊರತು ಬೇರೆ ಮಾತೇ ಇರಲಿಲ್ಲ.

"ಹಿಟ್ಟೈತಿ, ನೀರಿಲ್ಲ," ಎಂದಳು ತಂಗೆವ್ವ. "ಬಾವ್ಯಾಗ ನೀರಿದ್ದಾಗ್ಲೇ ಇದ್ದಬದ್ದ ಹಿಟ್ಟೆಲ್ಲಾ ಬಡದು, ಕಡಕ್ ಮಾಡಿ ಇಡಬೇಕಿತ್ತು. ತಿಂಗಳಗಟ್ಲೆ ಕೆಡಂಗಿಲ್ಲ. ಆ ರಾಣಿ ಹಂಗ ಮಾಡ್ಯಾಳೋ ಇಲ್ಲೋ? ಅಷ್ಟು ಗೊತ್ತಾದ್ರ ಸಾಕು ನನಗ, ನಿದ್ದಿ ಹತ್ತವಲ್ದು."

"ಒಣಾ ರೊಟ್ಟಿ ತಿಂದ್ರ ನೀರಡಿಕಿ ಜಾಸ್ತಿ ಆಗ್ತದಲ್ಲ ಅಕ್ಕಾ?" ಎಂದಳು ಇನ್ನೊಬ್ಬಳು.

"ನಾದೂ ನೀರು ಉಳೀತಿತ್ತಲ್ಲ, ಹುಚ್ಚಿ. ಅದನ್ನ ಕುಡೀತಿದ್ರು."

ಮೇಜಿನ ಮೇಲೆ ಮುರಿಗೆಪ್ಪ ಪ್ಯಾಕೆಟ್ ಕಟ್ಟುತ್ತಿದ್ದ ಸದ್ದು ನಿಂತಿತು. ಮೂರನೆಯ ದಿನ ಮುರಿಗೆಪ್ಪ ಗಂಟಲು ಸರಿಮಾಡಿಕೊಂಡ.

"ಹಸೀನಾ, ಆ ರಾಣಿ ರೊಟ್ಟಿ ಮಾಡಿಸಿದ್ಳೇನು?"

"ನಮಗೇನ್ ಗೊತ್ರಿ? ಕೀಲಿ ನಿಮ್ಮ ಕಡೆ ಐತಿ."

ಹೆಂಗಸರು ನಕ್ಕರು. ಖಾನೆ ತೆರೆಯಿತು. ಹಿಟ್ಟಿಗೆ ನೀರು ಹಾಕುವಾಗ ನಾನು ಬಾಯಿ ಮುಚ್ಚಿರಬೇಕು ಎಂಬ ಷರತ್ತು ಹಾಕಿದ ಮುರಿಗೆಪ್ಪ, ತಾನೂ ಸ್ಟೂಲು ಎಳೆದುಕೊಂಡು ಕುಳಿತ.

ರಾಣಿ ರೊಟ್ಟಿ ಮಾಡಿಸಿರಲಿಲ್ಲ. ಮುತ್ತಿಗೆಯ ಮೂವತ್ತೊಂದನೆಯ ದಿನ ಕೋಟೆಯ ಬಾಗಿಲು ತೆರೆಯಿತು. ಒಳಹೊಕ್ಕ ದಂಡಿಗೆ ಉಗ್ರಾಣದಲ್ಲಿ ನಲವತ್ತು ಚೀಲ ಜೋಳದ ಹಿಟ್ಟು ಮುಟ್ಟದೆ ಸಿಕ್ಕಿತು.

ತಂಗೆವ್ವ ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿದಳು. "ಇಷ್ಟು ಮಂದಿ ಇದ್ರಲ್ಲ ಅಲ್ಲಿ. ಒಬ್ಬಾಕಿ ಅಡಗಿಯಾಕಿನ್ನ ಕೇಳೂದಾಗ್ಲಿಲ್ಲೇನು?" ಎಂದಳಷ್ಟೇ.

ಆಮೇಲಿನ ನಾಲ್ಕು ವರ್ಷಗಳಲ್ಲಿ ನಾನು ಹತ್ತೊಂಬತ್ತು ಕಾದಂಬರಿ ಹೇಳಿದೆ. ರಂಧ್ರಗಳಲ್ಲಿ ಹಿಟ್ಟು ಕೂತು ದನಿ ಒಡೆಯಿತು, ಬ್ಯಾಟರಿ ಉಬ್ಬಿತು. ಈಗ ಉಪ್ಪಿನ ಡಬ್ಬಿಯ ಪಕ್ಕ, ಗೋಡೆಯ ಮಾಡದಲ್ಲಿದ್ದೇನೆ. ಹಸೀನಾ ಹೊಸ ಸ್ಪೀಕರ್ ತಂದಿದ್ದಾಳೆ, ಕೆಂಪು ಬಣ್ಣದ್ದು.

ಕಳೆದ ಸೋಮವಾರ ಸಿಂದಗಿಯ ಕಡೆಯ ರತ್ನವ್ವ ಕೆಲಸಕ್ಕೆ ಸೇರಿದಳು. ನನ್ನನ್ನು ನೋಡಿ, ಇದೇನೆಂದು ಕೇಳಿದಳು. ತಂಗೆವ್ವ ಅವಳಿಗೆ ಕೋಟೆಯ ಕಥೆ ಹೇಳತೊಡಗಿದಳು. ಅವಳ ಕಥೆಯಲ್ಲಿ ಒಬ್ಬ ಅಡುಗೆಯವಳು ರಾಣಿಯ ಮುಂದೆ ನಿಂತು, ಬಾವಿ ಬತ್ತುವ ಮೊದಲೇ ಒಲೆ ಹೂಡಿಸುತ್ತಾಳೆ. ಮೂರು ತಿಂಗಳು ಕಾದು ಹಸಿದ ದಂಡು ಊರಿಗೆ ಮರಳುತ್ತದೆ. ಪುಸ್ತಕದಲ್ಲಿ ಹಾಗಿಲ್ಲ. ಇಪ್ಪತ್ತೆರಡೂ ಅಧ್ಯಾಯ ಹೇಳಿದವನು ನಾನು; ಆದರೆ ನನಗೀಗ ದನಿಯಿಲ್ಲ. ಇದ್ದಿದ್ದರೆ ತಿದ್ದುತ್ತಿದ್ದೆನೇ ಎಂದು ಯೋಚಿಸುತ್ತಿದ್ದೇನೆ.

ಪುಸ್ತಕ ಪೂರ್ತಿ ಕೇಳಿದ್ದ ಹಸೀನಾ ಅಲ್ಲೇ ಇದ್ದಳು. ಅವಳು ಕೆಂಪು ಸ್ಪೀಕರಿನ ಗುಂಡಿ ಒತ್ತಿ ನಿಲ್ಲಿಸಿ, "ಆಮ್ಯಾಲ?" ಎಂದು ಕೇಳಿದಳು.