ಉಸ್ತಾದರು ಕೊಟ್ಟ ಸ್ಕ್ರೇಪರು

ಭಾಲ್ಕಿಯಲ್ಲಿ ರೈಲು ಎಂಜಿನ್ ರಿಪೇರಿ ಮಾಡುವ ಕಾರ್ಖಾನೆ ಇತ್ತೆಂದರೆ ಈಗಿನವರು ನಗುತ್ತಾರೆ. ನಗಲಿ, ಅವರಪ್ಪನ ಗಂಟೇನು ಹೋಯಿತು! ಆ ಜಾಗದಲ್ಲೀಗ ಜಾಲಿ ಬೆಳೆದಿದೆ. ಉಳಿದದ್ದು ನನ್ನ ಟ್ರಂಕಿನೊಳಗಿನ ಮೂರು ಫೋಟೊ ಮಾತ್ರ.

ಎರಡನ್ನು ಕೇಳಿದವರಿಗೆಲ್ಲ ತೋರಿಸುತ್ತೇನೆ. ಮೂರನೆಯದನ್ನು ಮೂವತ್ತೈದು ವರ್ಷ ಯಾರಿಗೂ ತೋರಿಸಿರಲಿಲ್ಲ. ಅದರಲ್ಲಿ ಎಂಜಿನ್ನಿನ ಮುಂದೆ ನಾನೂ ನನ್ನ ಉಸ್ತಾದ ಚಾಂದ ಪಾಶಾ ಅವರೂ ನಿಂತಿದ್ದೇವೆ. ಅವರ ಕೈ ನನ್ನ ಹೆಗಲ ಮೇಲಿದೆ.

ಗಾಲಿಯ ಅಚ್ಚಿಗೆ ನೀಲಿ ಬಣ್ಣ ಹಚ್ಚಿ, ಬೇರಿಂಗ್ ಕೂಡಿಸಿ ತೆಗೆದು, ನೀಲಿ ಹತ್ತಿದ ಉಬ್ಬನ್ನು ಮಾತ್ರ ಸ್ಕ್ರೇಪರೆಂಬ ಚೂಪು ಉಳಿಯಿಂದ ಕೂದಲೆಳೆಯಷ್ಟು ಕೆರೆಯಬೇಕು. ಆ ಕೆಲಸ ಕಲಿಸಿದವರು ಅವರು.

“ಗಡಬಡ ಮಾಡಬ್ಯಾಡ ಮನ್ಮಥಪ್ಪಾ, ಕೆರದದ್ದು ಕಣ್ಣಿಗಿ ಕಾಣಬಾರದು,” ಎನ್ನುತ್ತಿದ್ದರು. ಕೈ ಪಳಗಿದ ದಿನ ತಮ್ಮ ಸ್ಕ್ರೇಪರನ್ನೇ ನನಗೆ ಕೊಟ್ಟರು. ಈ ಫೋಟೊ ಆ ದಿನದ್ದೇ.

ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ನುಗ್ಗಿ ಪೊಲೀಸ್ ಆಕ್ಷನ್ ಆದ ವಾರ ಉಸ್ತಾದರು ಊರು ಬಿಟ್ಟರು, ಮತ್ತೆ ಬರಲಿಲ್ಲ. ಅವರಿಗೂ ನಿಜಾಮನ ಪರ ಹೊಡೆದಾಡುತ್ತಿದ್ದ ರಜಾಕಾರರಿಗೂ ಎಳ್ಳಷ್ಟೂ ಸಂಬಂಧವಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ರಜಾಕಾರರ ಕಡೆಯವರನ್ನು ಹುಡುಕಿ ಮನೆಮನೆ ಝಡತಿ ನಡೆದಿದೆ ಎಂದು ಯಾರೋ ಅಂದದ್ದೇ ತಡ, ಗೊಂಡೆಯ ರೂಮಿ ಟೋಪಿ ಸಮೇತ ಫೋಟೊದಲ್ಲಿನ ಅವರ ಮುಖವನ್ನು ಅದೇ ಸ್ಕ್ರೇಪರಿನಿಂದ ಕೆರೆದು ತೆಗೆದೆ. ಉಂಡ ಮನೆಗೆ ಎರಡು ಬಗೆಯುವ ಕೆಲಸ, ನಾಯಿಯೂ ಮಾಡದು. ಝಡತಿಯವರು ನಮ್ಮ ಓಣಿಗೆ ಬರಲೇ ಇಲ್ಲ.

ಹೋದ ವಾರ ಬೀದರಿನಿಂದ ಉಸ್ತಾದರ ಮಗಳು ಖತೀಜಾ ಬೇಗಂ ಬಂದಳು. ತಂದೆ ಹೋದಾಗ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದವಳು. ಅವರ ಮುಖ ಕಂಡಿಲ್ಲ, ಮನೆಯಲ್ಲಿ ಒಂದು ಚಿತ್ರವೂ ಇಲ್ಲ. ಹಿಂದೆ ಎರಡು ಸಲ ಬಂದಾಗ ಫೋಟೊ ಕಳೆದಿದೆ ಎಂದು ಹೇಳಿ ಕಳಿಸಿದ್ದೆ. ಈ ಸಲ ನನ್ನ ಹೆಂಡತಿ ಗುರಮ್ಮನೇ ಟ್ರಂಕು ತೆಗೆದು ಆ ಫೋಟೊವನ್ನು ಅವಳ ಕೈಗಿಟ್ಟಳು. ನನ್ನ ಸುಳ್ಳು ಕೇಳಿ ಕೇಳಿ ಸಾಕಾಗಿತ್ತಂತೆ.

ಖತೀಜಾ ನೋಡಿದಳು. ಅಂಗಿ ಇದೆ, ಕೈ ಇದೆ, ಮೇಲೆ ಬರೀ ಬಿಳಿ. ಹುಳ ತಿಂದಿದೆ ಎಂದೆ. ಥೂ, ಈ ನಾಲಿಗೆಗೆ ಮುಪ್ಪಿನಲ್ಲೂ ನಾಚಿಕೆ ಬರಲಿಲ್ಲ. ಆಕೆ ಬಿಳಿಯ ಮೇಲೆ ಬೆರಳಾಡಿಸಿದಳು. ಕಾಗದ ಎಲ್ಲಿಯೂ ಹರಿದಿರಲಿಲ್ಲ, ತೂತು ಬಿದ್ದಿರಲಿಲ್ಲ.

“ಹುಳ ಹಿಂಗ ತಿನ್ನಂಗಿಲ್ರಿ ಕಾಕಾ,” ಎಂದಳು. “ನಮ್ಮ ಅಬ್ಬಾ ನಿಮಗ ಕೆಲಸ ಭಾಳ ಛಲೋ ಕಲಿಸ್ಯಾರ.”

ಫೋಟೊವನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು. ಅವರ ಮುಖ ಹೇಗಿತ್ತೆಂದು ಕೇಳಿದ್ದರೆ ಕೂದಲೆಳೆಯೂ ಬಿಡದೆ ಹೇಳುತ್ತಿದ್ದೆ. ಆಕೆ ನನ್ನನ್ನು ಕೇಳಲಿಲ್ಲ.